ಕಾರ್ನೆಟ್ಟಿನ ದೊರೆ ಜೋ ಆಲಿವರ್



ಜಾಜ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯುವ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಲೋಕವೆಲ್ಲ ತಲೆದೂಗಿದ ಆ ಟ್ರಂಪೆಟ್ ವಾದಕ ತನ್ನ ಕೊನೆಗಾಲದವರೆಗೂ ‘ಪಾಪಾ ಜೋ’ ಎಂದು ಮನತುಂಬಿ ನೆನೆಯುತ್ತಿದ್ದ ಒಬ್ಬನಿದ್ದ. ಆತನೇ ಜೋ ಆಲಿವರ್. ಊರ ಜನ ಆತನನ್ನು ಕಿಂಗ್ ಆಲಿವರ್ ಎಂದೇ ಕರೆದರು. ಆರ್ಮ್‌ಸ್ಟ್ರಾಂಗನ ಗುರು ಎಂಬ ಒಂದು ಮಾತಿನಲ್ಲಿ ಈ ದೊರೆಯ ಕತೆಯನ್ನು ಮುಗಿಸಿಬಿಡುವ ರೂಢಿಯಿದೆ. ಮಾತು ನಿಜವೇ. ಆದರೆ ಅಷ್ಟಕ್ಕೇ ನಿಂತರೆ ಆಲಿವರನಿಗೆ ಅನ್ಯಾಯವಾಗುತ್ತದೆ. ಏಳೆಂಟು ಜನ ಏಕಕಾಲಕ್ಕೆ, ಬಹುಮಟ್ಟಿಗೆ ಕಿವಿಯನ್ನೇ ನಂಬಿ, ಒಬ್ಬರ ನಾದವನ್ನು ಇನ್ನೊಬ್ಬರು ತುಳಿಯದೆ ನುಡಿಸಬಲ್ಲ ಒಂದು ಮೇಳವನ್ನು ಆತ ಕಟ್ಟಿದ. ಹಿತ್ತಾಳೆಯ ವಾದ್ಯವೊಂದು ಮನುಷ್ಯರ ಹಾಗೆ ಅಳಬಹುದು, ನಗಬಹುದು, ಗದರಬಹುದು ಎಂದು ಒಂದು ತಲೆಮಾರಿನ ವಾದಕರಿಗೆ ತೋರಿಸಿಕೊಟ್ಟ.

1880ರ ದಶಕದಲ್ಲಿ ಅಮೆರಿಕದ ದಕ್ಷಿಣ ಭಾಗದ ಲೂಯಿಸಿಯಾನಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಆಸುಪಾಸಿನ ಕಬ್ಬಿನ ಸೀಮೆಯಲ್ಲಿ ಆಲಿವರ್ ಹುಟ್ಟಿದ. ಗುಲಾಮಗಿರಿ ಕಾನೂನಿನ ಪುಸ್ತಕದಿಂದ ಅಳಿದು ಇಪ್ಪತ್ತು ವರ್ಷವಾಗಿತ್ತು ಅಷ್ಟೆ; ಕಪ್ಪು ಜನರ ದಿನನಿತ್ಯದ ಬದುಕಿನಿಂದ ಅದರ ನೆರಳು ಸರಿದಿರಲಿಲ್ಲ. ಹುಡುಗನಾಗಿದ್ದಾಗಲೇ ಆತ ನ್ಯೂ ಆರ್ಲಿಯನ್ಸ್ ನಗರ ಸೇರಿದ. ಒಂದು ಕಣ್ಣಿನ ದೃಷ್ಟಿ ಎಳವೆಯಲ್ಲೇ ಹೋಗಿತ್ತು. ದೊಡ್ಡವನಾದ ಮೇಲೆ ಟೋಪಿಯನ್ನು ಆ ಕಣ್ಣಿನ ಮೇಲಕ್ಕೆ ವಾರೆಯಾಗಿ ಎಳೆದುಕೊಂಡು ನುಡಿಸುವುದು ಆತನ ಗುರುತೇ ಆಯಿತು. ಹಗಲು ಉಳ್ಳವರ ಮನೆಯಲ್ಲಿ ಊಳಿಗ, ಬಿಡುವಾದಾಗ ಬ್ಯಾಂಡು.

ಆತನ ಕೈಯಲ್ಲಿದ್ದದ್ದು ಕಾರ್ನೆಟ್. ಟ್ರಂಪೆಟ್ಟಿನ ಒಡಹುಟ್ಟು ಎನ್ನಬಹುದಾದ ವಾದ್ಯ. ಅಳತೆಯಲ್ಲಿ ಗಿಡ್ಡ, ನಾದದಲ್ಲಿ ಇನ್ನೂ ಸ್ವಲ್ಪ ದುಂಡು. ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡು ಹಾದುಹೋಗುವಾಗ ನಾವು ಕಾಣುವ ಹಿತ್ತಾಳೆ ವಾದ್ಯಗಳ ಬಳಗಕ್ಕೇ ಅದು ಸೇರಿದ್ದು. ಜಾಜ್‌ನ ಮೊದಲ ದಿನಗಳಲ್ಲಿ ಟ್ರಂಪೆಟ್ಟಿಗಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಇದೇ. ನ್ಯೂ ಆರ್ಲಿಯನ್ಸ್‌ನಲ್ಲಿ ಇಂಥ ಬ್ಯಾಂಡುಗಳಿಗೆ ಕೆಲಸವಿಲ್ಲದ ದಿನವೇ ಇರಲಿಲ್ಲ. ಮೆರವಣಿಗೆಗೆ ಬ್ಯಾಂಡು, ವನಭೋಜನಕ್ಕೆ ಬ್ಯಾಂಡು, ಕುಣಿತದ ಕೂಟಕ್ಕೆ ಬ್ಯಾಂಡು, ಸಾವಿಗೂ ಬ್ಯಾಂಡು. ಹೆಣದ ಹಿಂದೆ ಸ್ಮಶಾನದವರೆಗೆ ಭಾರವಾದ ಹೆಜ್ಜೆಯ ಪ್ರಾರ್ಥನಾ ಗೀತೆ. ಮಣ್ಣು ಮಾಡಿ ತಿರುಗಿ ಬರುವಾಗ ಬೀದಿಯ ಮಕ್ಕಳೆಲ್ಲ ಹಿಂದೆ ಬಿದ್ದು ಕುಣಿಯುವಂಥ ನಡೆ.

ಆಲಿವರನಿಗಿಂತ ಮೊದಲು ಆ ಊರಿನಲ್ಲಿ ದೊರೆ ಎನಿಸಿಕೊಂಡಿದ್ದ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್. 1907ರಲ್ಲಿ ಬುದ್ಧಿಭ್ರಮಣೆಯಿಂದ ಆಸ್ಪತ್ರೆ ಸೇರಿದ ಆತ ಮತ್ತೆ ಹೊರಗೆ ಬರಲಿಲ್ಲ. ಕೇಳಲು ನಮಗೆ ಆತನ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ. ಆಮೇಲಿನ ವರ್ಷಗಳಲ್ಲಿ ಮೇಲೆದ್ದು ಬಂದವರಲ್ಲಿ ಆಲಿವರ್ ಒಬ್ಬ. ಕಿಡ್ ಓರಿ ಎಂಬ ಟ್ರಾಂಬೋನ್ ವಾದಕನ ಬ್ಯಾಂಡಿನಲ್ಲಿ ಮುಂಚೂಣಿಯ ಕಾರ್ನೆಟ್ ಆತನದು.

ಆ ಬ್ಯಾಂಡು ಬೀದಿಗಿಳಿದಾಗಲೆಲ್ಲ ಹಿಂದೆ ಹಿಂದೆ ಓಡುತ್ತಿದ್ದ ಒಬ್ಬ ಬಡ ಹುಡುಗನೇ ಲೂಯಿ. ಆಲಿವರನ ಹೆಂಡತಿ ಸ್ಟೆಲ್ಲಾ ಹೇಳಿದ ಸಣ್ಣಪುಟ್ಟ ಕೆಲಸಗಳನ್ನು ಆತ ಮಾಡಿಕೊಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಆಲಿವರ್ ಪಾಠ ಹೇಳುತ್ತಿದ್ದ, ಸ್ಟೆಲ್ಲಾ ಊಟ ಬಡಿಸುತ್ತಿದ್ದಳು. ಗುರುವಿನ ಮನೆಯ ಕೆಲಸ ಮಾಡುತ್ತಾ ವಿದ್ಯೆ ಕಲಿಯುವ ಕ್ರಮ ನಮಗೆ ಚೆನ್ನಾಗಿ ಗೊತ್ತಿರುವುದೇ. ಒಂದು ದಿನ ಆಲಿವರ್ ತಾನು ನುಡಿಸಿ ಹಳತಾಗಿದ್ದ ಕಾರ್ನೆಟ್ಟನ್ನೇ ಹುಡುಗನ ಕೈಗಿಟ್ಟ. ಅದನ್ನು ಪ್ರಾಣದಂತೆ ಕಾಪಾಡಿಕೊಂಡೆ ಎಂದು ಆರ್ಮ್‌ಸ್ಟ್ರಾಂಗ್ ಮುಂದೆ ಹೇಳಿಕೊಂಡಿದ್ದಾನೆ.

1917ರ ಕೊನೆಗೆ, ಮಹಾಯುದ್ಧದ ಕಾಲದಲ್ಲಿ, ನೌಕಾದಳದ ಒತ್ತಾಯದಿಂದ ನ್ಯೂ ಆರ್ಲಿಯನ್ಸ್‌ನ ಸ್ಟೋರಿವಿಲ್ ಎಂಬ ಸೂಳೆಗೇರಿ ಮುಚ್ಚಿತು. ಅಲ್ಲಿನ ಕುಡಿತದ ಮನೆಗಳನ್ನೂ ಕುಣಿತದ ಮನೆಗಳನ್ನೂ ನಂಬಿದ್ದ ವಾದಕರಲ್ಲಿ ಹಲವರ ಸಂಪಾದನೆಗೆ ಪೆಟ್ಟು ಬಿತ್ತು. ಜಾಜ್ ಉತ್ತರಕ್ಕೆ ಹೋದದ್ದು ಇದೊಂದರಿಂದಲೇ ಎಂದು ಕೆಲವರು ಬರೆಯುತ್ತಾರೆ; ಅದನ್ನು ಒಪ್ಪಲಾಗದು. ಅದಕ್ಕಿಂತ ಬಹಳ ದೊಡ್ಡ ಪ್ರವಾಹವೊಂದು ಆಗಲೇ ಹರಿಯುತ್ತಿತ್ತು. ದಕ್ಷಿಣದ ಹೊಲಗಳ ಜೀತದಿಂದ, ಗುಂಪುಕೊಲೆಗಳ ಭಯದಿಂದ ಬಿಡಿಸಿಕೊಂಡು ಕಪ್ಪು ಜನ ಲಕ್ಷಗಟ್ಟಲೆ ರೈಲು ಹತ್ತಿ ಉತ್ತರದ ಕಾರ್ಖಾನೆಗಳ ಕಡೆಗೆ ನಡೆದಿದ್ದರು. ಶಿಕಾಗೋ ನಗರವೊಂದನ್ನೇ ನೋಡಿ: 1910ರಲ್ಲಿ ಅಲ್ಲಿದ್ದ ಕಪ್ಪು ಜನರು ಸುಮಾರು 44,000. 1920ಕ್ಕೆ 1,09,000. 1930ಕ್ಕೆ 2,34,000. ಈ ಜನ ತಮ್ಮ ಊರಿನ ಅಡುಗೆಯನ್ನೂ ದೇವರ ಹಾಡನ್ನೂ ಜೊತೆಗೆ ತಂದಂತೆ ಕುಣಿತದ ಹಂಬಲವನ್ನೂ ತಂದರು. ಕಸಾಯಿಖಾನೆಯಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ದುಡಿದು ಬಂದವರಿಗೆ ಸಂಜೆಗೆ ತಮ್ಮ ಕಡೆಯ ಸಂಗೀತ ಬೇಕಿತ್ತು. ಆಲಿವರ್ 1918ರಲ್ಲಿ ಶಿಕಾಗೋ ರೈಲು ಹತ್ತಿದ. ಓರಿಯ ಬ್ಯಾಂಡಿನಲ್ಲಿ ಆತ ಬಿಟ್ಟ ಜಾಗಕ್ಕೆ ಹದಿಹರೆಯದ ಲೂಯಿ ಬಂದ.

ನಡುವೆ ಕ್ಯಾಲಿಫೋರ್ನಿಯಾ ಕಡೆ ಒಂದು ಸುತ್ತು ಹೋಗಿ ಬಂದ ಆಲಿವರ್ 1922ರಲ್ಲಿ ಶಿಕಾಗೋ ನಗರದ ದಕ್ಷಿಣ ಭಾಗದ ಲಿಂಕನ್ ಗಾರ್ಡನ್ಸ್ ಎಂಬ ಕುಣಿತದ ಸಭಾಂಗಣದಲ್ಲಿ ತನ್ನ ಕ್ರಿಯೋಲ್ ಜಾಜ್ ಬ್ಯಾಂಡಿನೊಂದಿಗೆ ನೆಲೆನಿಂತ. ಕ್ಲಾರಿನೆಟ್ಟಿಗೆ ಜಾನಿ ಡಾಡ್ಸ್, ಡ್ರಮ್ಮಿಗೆ ಆತನ ತಮ್ಮ ಬೇಬಿ ಡಾಡ್ಸ್, ಟ್ರಾಂಬೋನಿಗೆ ಆನರೆ ಡುಟ್ರೆ, ದೊಡ್ಡ ಬೇಸ್ ಪಿಟೀಲಿಗೆ ಬಿಲ್ ಜಾನ್ಸನ್, ಪಿಯಾನೋಗೆ ಲಿಲ್ ಹಾರ್ಡಿನ್ ಎಂಬ ಓದಿದ, ಚುರುಕಾದ ಹೆಣ್ಣುಮಗಳು. ಇಷ್ಟಿದ್ದೂ ಆಲಿವರ್ ನ್ಯೂ ಆರ್ಲಿಯನ್ಸ್‌ಗೆ ಒಂದು ತಂತಿ ಕಳಿಸಿದ. ಎರಡನೆಯ ಕಾರ್ನೆಟ್ ವಾದಕನಾಗಿ ಬಂದು ಸೇರಿಕೋ ಎಂದು ಲೂಯಿಗೆ ಕರೆ. ಆಗಸ್ಟ್ ತಿಂಗಳ ಒಂದು ರಾತ್ರಿ ಶಿಕಾಗೋದಲ್ಲಿ ಇಳಿದ ಇಪ್ಪತ್ತೊಂದರ ತರುಣ ಸಭಾಂಗಣದ ಬಾಗಿಲವರೆಗೆ ಹೋದ. ಒಳಗಿನಿಂದ ಬರುತ್ತಿದ್ದ ನಾದ ಕೇಳಿ, ಇಂಥವರ ನಡುವೆ ನಾನು ನಿಲ್ಲಬಲ್ಲೆನೇ ಎಂದು ಹಿಂಜರಿದ. ಇದು ಸ್ವತಃ ಆತನೇ ಹೇಳಿಕೊಂಡ ಮಾತು.

ಸುತ್ತಲಿನವರಿಗೆ ಆಲಿವರನ ಈ ಕರೆ ವಿಚಿತ್ರವಾಗಿ ಕಂಡಿರಬೇಕು. ಅಂಥ ಬ್ಯಾಂಡುಗಳಲ್ಲಿ ಒಂದೇ ಕಾರ್ನೆಟ್ ಇರುವುದು ವಾಡಿಕೆ. ಮುಖ್ಯ ರಾಗವನ್ನು ಅದು ಹಿಡಿದು ಸಾಗಬೇಕು. ಕ್ಲಾರಿನೆಟ್ ಅದರ ಮೇಲುಗಡೆ ಬಳ್ಳಿಯಂತೆ ಸುತ್ತಬೇಕು, ಟ್ರಾಂಬೋನ್ ಕೆಳಗಿನಿಂದ ಜಾರುತ್ತಾ ಆತುಕೊಳ್ಳಬೇಕು. ಎರಡು ಕಾರ್ನೆಟ್ ಬಂದರೆ ಒಂದು ಇನ್ನೊಂದರ ಕಾಲು ತುಳಿಯುವ ಅಪಾಯ. ಆಲಿವರ್ ಈ ಅಪಾಯವನ್ನೇ ಆಕರ್ಷಣೆಯಾಗಿ ಮಾಡಿಕೊಂಡ. ಜಾಜ್‌ನಲ್ಲಿ ಬ್ರೇಕ್ ಎಂಬುದೊಂದಿದೆ: ಎಂಟು ತಾಳಪೆಟ್ಟುಗಳಷ್ಟು ಹೊತ್ತು ಇಡೀ ಮೇಳ ತಟ್ಟನೆ ನಿಂತುಬಿಡುತ್ತದೆ, ಆ ಖಾಲಿ ಜಾಗವನ್ನು ಒಬ್ಬ ವಾದಕ ತನ್ನ ಕಲ್ಪನೆಯಿಂದ ತುಂಬುತ್ತಾನೆ. ಲಿಂಕನ್ ಗಾರ್ಡನ್ಸ್‌ನಲ್ಲಿ ಆ ಜಾಗವನ್ನು ಎರಡು ಕಾರ್ನೆಟ್‌ಗಳು ಕೂಡಿಯೇ ತುಂಬುತ್ತಿದ್ದವು. ಎರಡು ಬೇರೆ ಬೇರೆ ಸ್ವರಸಾಲುಗಳು, ಆದರೆ ಒಂದಕ್ಕೊಂದು ಅಳತೆ ಮಾಡಿ ಕೂಡಿಸಿದಂತೆ. ಮುಂದೆ ಹಾಳೆಯಿಲ್ಲ, ಕಣ್ಸನ್ನೆಯೂ ಕಾಣುತ್ತಿರಲಿಲ್ಲ. ಕೇಳಲು ಬಂದಿದ್ದ ವಾದಕರು ಬೆರಗಾಗಿ ಕೂರುತ್ತಿದ್ದರು.

ಗುಟ್ಟನ್ನು ಆರ್ಮ್‌ಸ್ಟ್ರಾಂಗ್ ಮುಂದೆ ಬಿಟ್ಟುಕೊಟ್ಟ. ಮೇಳವೆಲ್ಲ ಜೋರಾಗಿ ನುಡಿಯುತ್ತಿರುವಾಗಲೇ, ಬ್ರೇಕ್ ಬರುವುದಕ್ಕೆ ಸ್ವಲ್ಪ ಮುಂಚೆ, ಆಲಿವರ್ ತಾನು ನುಡಿಸಲಿರುವ ತುಣುಕಿನ ಸುಳಿವನ್ನು ಆ ಗದ್ದಲದ ನಡುವೆ ಕೊಟ್ಟುಬಿಡುತ್ತಿದ್ದ. ಪಕ್ಕದಲ್ಲಿ ನಿಂತವನು ಅದನ್ನು ಹಿಡಿದು, ಅದಕ್ಕೆ ಹೊಂದುವ ಎರಡನೆಯ ಸಾಲನ್ನು ಕ್ಷಣಾರ್ಧದಲ್ಲಿ ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದ. ಇಲ್ಲಿ ಆರ್ಮ್‌ಸ್ಟ್ರಾಂಗನ ಕಿವಿಯ ಸೂಕ್ಷ್ಮವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಅಂಥ ಕಿವಿ ಇದೆಯೆಂದು ಗುರುತಿಸಿ, ಅದಕ್ಕೆ ದಿನವೂ ಪರೀಕ್ಷೆ ಒಡ್ಡಿ, ಆ ಪರೀಕ್ಷೆಯನ್ನೇ ಜನ ಕಾಸು ಕೊಟ್ಟು ಕೇಳುವ ಕಲೆಯಾಗಿಸಿದವನು ಆಲಿವರ್. ನಾಯಕನಾದವನ ಪ್ರತಿಭೆ ಎಂದರೆ ಇದೇ.

ಇನ್ನು ಆತನ ಸ್ವಂತ ನುಡಿಸಾಣಿಕೆ. ಕಾರ್ನೆಟ್ಟಿನ ಬಾಯಿಗೆ ಆತ ಏನೇನೆಲ್ಲ ಅಡ್ಡ ಹಿಡಿಯುತ್ತಿದ್ದ! ಗಾಜಿನ ಲೋಟ, ಶೀಶೆ, ಬಟ್ಟಲು, ತಲೆಯ ಮೇಲಿನ ಟೋಪಿ, ಕಟ್ಟಿಕೊಂಡ ಮೋರಿ ಬಿಡಿಸುವ ರಬ್ಬರ್ ಬಟ್ಟಲು. ವಾದ್ಯದ ಬಾಯಿಯನ್ನು ಹೀಗೆ ಮುಚ್ಚಿ ತೆರೆದರೆ ಸ್ವರದ ಬಣ್ಣ ಬದಲಾಗುತ್ತದೆ. ‘ವಾ-ವಾ’ ಎಂದು ಮಗು ರಚ್ಚೆ ಹಿಡಿದಂತೆ, ಹೆಂಗಸೊಬ್ಬಳು ಮೂದಲಿಸಿದಂತೆ, ಚರ್ಚಿನಲ್ಲಿ ಉಪದೇಶಿ ಗರ್ಜಿಸಿದಂತೆ ಕೇಳುತ್ತದೆ. ಬೇರೆಯವರ ಕೈಯಲ್ಲಿ ಇದು ಬರೀ ಮಿಮಿಕ್ರಿಯಾಗಿ ಉಳಿಯಬಹುದಿತ್ತು. ಆಲಿವರನ ಕೈಯಲ್ಲಿ ಅದು ಬ್ಲೂಸ್ ಎಂಬ ಕಪ್ಪು ಜನರ ಹಾಡುಗಾರಿಕೆಯ ಗಮಕವೇ ಆಯಿತು. ಸ್ವರವನ್ನು ಎಲ್ಲಿ ಬಾಗಿಸಬೇಕು, ಎಲ್ಲಿ ತಡೆದು ಬಿಡಬೇಕು ಎಂಬ ಹದ ಆತನಿಗೆ ಗೊತ್ತಿತ್ತು. ಅತಿವೇಗದ ಬೆರಳು, ಅತಿತಾರದ ಸ್ವರ ಇವು ಯಾವುವೂ ಆತನ ದಾರಿಯಲ್ಲ. ನಾಲ್ಕೈದು ಸ್ವರಗಳಲ್ಲಿ ಹೇಳಬೇಕಾದ್ದನ್ನು ಹೇಳುವವನು ಆತ.

1923ರ ಏಪ್ರಿಲ್ 5 ಮತ್ತು 6. ಈ ಎರಡು ದಿನ ಸಂಗೀತದ ಇತಿಹಾಸದಲ್ಲಿ ಉಳಿದುಕೊಂಡಿವೆ. ಆಲಿವರನ ಬ್ಯಾಂಡು ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಎಂಬ ಊರಿಗೆ ಬಂದಿಳಿಯಿತು. ಸ್ಟಾರ್ ಎಂಬ ಪಿಯಾನೋ ಕಂಪನಿ ಅಲ್ಲಿನ ತನ್ನ ಕಾರ್ಖಾನೆಯ ಆವರಣದಲ್ಲೇ ಗೆನೆಟ್ ಎಂಬ ಹೆಸರಿನಲ್ಲಿ ಗ್ರಾಮಾಫೋನ್ ತಟ್ಟೆಗಳನ್ನು ತಯಾರಿಸುತ್ತಿತ್ತು. ಮುದ್ರಣದ ಕೋಣೆಯ ಪಕ್ಕದಲ್ಲೇ ರೈಲು ಹಳಿ. ಗಾಡಿ ಬಂದರೆ ನುಡಿಸುವುದನ್ನು ನಿಲ್ಲಿಸಿ ಅದು ಹೋಗುವವರೆಗೆ ಕಾಯಬೇಕು. ಕಪ್ಪು ಜನರ ವೈರಿಯಾದ ಕು ಕ್ಲಕ್ಸ್ ಕ್ಲಾನ್ ಆ ವರ್ಷಗಳಲ್ಲಿ ಇಂಡಿಯಾನಾದಲ್ಲಿ ಬಲವಾಗಿ ಬೇರು ಬಿಟ್ಟಿತ್ತು. ಕಾಸು ಕೊಟ್ಟವರಿಗೆ ತಟ್ಟೆ ಒತ್ತಿಕೊಡುತ್ತಿದ್ದ ಅದೇ ಕಾರ್ಖಾನೆಯಿಂದ ಕ್ಲಾನ್‌ನವರ ಹಾಡುಗಳೂ ಹೊರಬಂದಿವೆ. ಅಂಥ ನೆಲದಲ್ಲಿ ಕಪ್ಪು ವಾದಕರು ಎರಡು ದಿನಗಳಲ್ಲಿ ಒಂಬತ್ತು ಹಾಡುಗಳನ್ನು ಮುದ್ರಿಸಿ ಹೋದರು.

ಮೈಕ್ರೋಫೋನು ಇನ್ನೂ ಮುದ್ರಣಕ್ಕೆ ಬಂದಿರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯ ಬಾಯಿಗೆ ನುಡಿಸಬೇಕು. ಆ ನಾದದ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೈಸೂರಿನಲ್ಲಿ 1930ರಲ್ಲಿ ಕೊನೆಯುಸಿರೆಳೆದ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದೂ ಇಂಥದೇ ಕೊಳವೆಗೆ. ಒಬ್ಬ ಗಾಯಕಿಯ ದನಿ ಹಿಡಿಯಲೇ ಕಷ್ಟಪಡುತ್ತಿದ್ದ ಈ ಸಾಧನ ಇಡೀ ಬ್ಯಾಂಡನ್ನು ಹಿಡಿಯುವುದು ಹೇಗೆ? ದೊಡ್ಡ ಡ್ರಮ್ಮಿನ ಏಟಿಗೆ ಸೂಜಿ ಹಾರಿಬಿಡುತ್ತದೆಂದು ಬೇಬಿ ಡಾಡ್ಸ್ ಮರದ ತುಂಡುಗಳನ್ನು ಬಡಿದು ತಾಳ ಹಿಡಿದ. ಬಿಲ್ ಜಾನ್ಸನ್ ಬೇಸನ್ನು ಬಿಟ್ಟು ಬ್ಯಾಂಜೋ ಎತ್ತಿಕೊಂಡ. ಆರ್ಮ್‌ಸ್ಟ್ರಾಂಗನ ಉಸಿರಿನ ಬಲಕ್ಕೆ ಆಲಿವರನ ನಾದವೇ ಮುಚ್ಚಿಹೋಗುತ್ತಿದ್ದುದರಿಂದ ಆತನನ್ನು ಕೊಳವೆಯಿಂದ ಬಹಳ ದೂರ, ಹಿಂದೆ ನಿಲ್ಲಿಸಿದರು ಎಂದು ಲಿಲ್ ಹಾರ್ಡಿನ್ ನೆನಪಿಸಿಕೊಂಡಿದ್ದಾಳೆ. ದೂರ ನಿಂತವನ ಮುಖ ಸಪ್ಪಗಿತ್ತಂತೆ.

ಇದನ್ನೆಲ್ಲ ತಿಳಿದುಕೊಂಡು ಆ ತಟ್ಟೆಗಳನ್ನು ಕೇಳಬೇಕು. ಮೊದಲ ಸಲ ಕೇಳುವವರಿಗೆ ಗೊರಗೊರ ಸದ್ದು, ತಗಡು ಡಬ್ಬಿಯೊಳಗಿನಿಂದ ಬಂದಂಥ ಮೇಳ. ಸ್ವಲ್ಪ ತಾಳ್ಮೆಯಿಂದ ಕಿವಿಗೊಟ್ಟರೆ ಎಳೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣಿಸುತ್ತವೆ. ‘ಚೈಮ್ಸ್ ಬ್ಲೂಸ್’ ಎಂಬುದರಲ್ಲಿ ಆರ್ಮ್‌ಸ್ಟ್ರಾಂಗನ ಮೊಟ್ಟಮೊದಲ ಧ್ವನಿಮುದ್ರಿತ ಏಕವಾದನವಿದೆ. ಆದರೆ ಆ ಎರಡು ದಿನಗಳ ಶಿಖರವೆಂದರೆ ‘ಡಿಪ್ಪರ್ ಮೌತ್ ಬ್ಲೂಸ್’. ಡಿಪ್ಪರ್ ಮೌತ್ ಎಂಬುದು ಆರ್ಮ್‌ಸ್ಟ್ರಾಂಗನಿಗೆ ಗೆಳೆಯರಿಟ್ಟ ಅಡ್ಡಹೆಸರು. ಶಿಷ್ಯನ ಹೆಸರು ಹೊತ್ತ ಆ ತಟ್ಟೆಯಲ್ಲಿ ಮುಂದೆ ಬಂದು ನುಡಿಸುವವನು ಗುರು. ಬ್ಲೂಸ್‌ನ ಹನ್ನೆರಡು ಅಳತೆಗಳ ಸುತ್ತನ್ನು ಆಲಿವರ್ ಮೂರು ಸಲ ಬಳಸಿ ಬರುತ್ತಾನೆ. ಮೊದಲನೆಯದರಲ್ಲಿ ಒಂದೇ ಸ್ವರವನ್ನು ಹಿಡಿದು ಅದನ್ನು ಮುಚ್ಚುತ್ತಾ ತೆರೆಯುತ್ತಾ ಕೆಣಕುತ್ತಾನೆ. ಎರಡನೆಯದರಲ್ಲಿ ಹಟ ಏರುತ್ತದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಮೇಳವೆಲ್ಲ ಆತನ ಬೆನ್ನಿಗೆ ನಿಂತು ನೂಕುತ್ತಿರುತ್ತದೆ. ಅದು ಮುಗಿದದ್ದೇ ಬ್ಯಾಂಡಿನವನೊಬ್ಬ ಹುರುಪಿನಿಂದ ಕೂಗಿಬಿಡುತ್ತಾನೆ. ಆ ಕೂಗೂ ಮೇಣದಲ್ಲಿ ಉಳಿದಿದೆ. ಮುಂದಿನ ಇಪ್ಪತ್ತು ವರ್ಷ ಕಾರ್ನೆಟ್ ಹಿಡಿದವರೆಲ್ಲ ಈ ಮೂರು ಸುತ್ತುಗಳನ್ನು ಪಾಠಾಂತರದಂತೆ ಬಾಯಿಪಾಠ ಮಾಡಿದರು.

ಅದೇ ವರ್ಷ ಬ್ಯಾಂಡು ಒಟ್ಟು ನಾಲ್ಕು ಕಂಪನಿಗಳಿಗೆ ಮೂರು ಡಜನಿಗೆ ಕಡಿಮೆಯಿಲ್ಲದಷ್ಟು ಹಾಡು ಮುದ್ರಿಸಿತು. ಕಪ್ಪು ಜನರ ನ್ಯೂ ಆರ್ಲಿಯನ್ಸ್ ಜಾಜ್ ಹೀಗಿತ್ತು ಎಂದು ತೋರಿಸಲು ನಮಗಿರುವ ಮೊದಲ ದೊಡ್ಡ ಭಂಡಾರ ಅದು.

ವರ್ಷ ಕಳೆಯುವುದರೊಳಗೆ ಮನೆ ಒಡೆಯಿತು. ಮುದ್ರಿಕೆಗಳಿಂದ ಬಂದ ಹಣದ ಲೆಕ್ಕದಲ್ಲಿ ಮನಸ್ತಾಪ ಹುಟ್ಟಿ ಡಾಡ್ಸ್ ಸೋದರರು ಹೊರನಡೆದರು. 1924ರ ಫೆಬ್ರುವರಿಯಲ್ಲಿ ಲಿಲ್ ಮತ್ತು ಲೂಯಿ ಮದುವೆಯಾದರು. ಲೂಯಿ ನನ್ನ ಜೊತೆಗಿರುವವರೆಗೆ ನನ್ನನ್ನು ಮೀರಲಾರ ಎಂಬರ್ಥದ ಮಾತನ್ನು ಆಲಿವರ್ ಒಮ್ಮೆ ತನ್ನೆದುರೇ ಆಡಿದ್ದನೆಂದು ಲಿಲ್ ಹೇಳಿದ್ದಾಳೆ. ಆಮೇಲೆ ಆಕೆ ಗಂಡನನ್ನು ಅಲ್ಲಿ ನಿಲ್ಲಗೊಡಲಿಲ್ಲ. ಈ ಮಾತಿನಲ್ಲಿ ಕೆಲವರಿಗೆ ಹೊಟ್ಟೆಕಿಚ್ಚು ಕಂಡಿದೆ. ಆದರೆ ತನಗಿಂತ ದೊಡ್ಡವನಾಗುತ್ತಾನೆಂದು ಗೊತ್ತಿದ್ದೇ ಆತನನ್ನು ತಂತಿ ಕೊಟ್ಟು ಕರೆಸಿಕೊಂಡು, ಎರಡು ವರ್ಷ ಪಕ್ಕದಲ್ಲೇ ನಿಲ್ಲಿಸಿಕೊಂಡು ನುಡಿಸಿದವನ ಎದೆಗಾರಿಕೆಯನ್ನೂ ತಕ್ಕಡಿಗೆ ಹಾಕಬೇಕಲ್ಲವೇ? ಭಯವೂ ಪ್ರೀತಿಯೂ ಒಂದೇ ಎದೆಯಲ್ಲಿ ಇರಬಲ್ಲವು. ಆರ್ಮ್‌ಸ್ಟ್ರಾಂಗನಂತೂ ಗುರುವಿನ ವಿಷಯದಲ್ಲಿ ಕಹಿಯಾಗಿ ಒಂದು ಮಾತನ್ನೂ ಆಡಲಿಲ್ಲ.

ಅದೇ 1924ರ ಕ್ರಿಸ್ಮಸ್ ಹೊತ್ತಿಗೆ ಲಿಂಕನ್ ಗಾರ್ಡನ್ಸ್ ಬೆಂಕಿಗೆ ಸಿಕ್ಕಿತು. ಆಲಿವರ್ ಸ್ಯಾಕ್ಸೊಫೋನುಗಳನ್ನು ಸೇರಿಸಿಕೊಂಡು ಡಿಕ್ಸಿ ಸಿಂಕೊಪೇಟರ್ಸ್ ಎಂಬ ದೊಡ್ಡ ಬ್ಯಾಂಡು ಕಟ್ಟಿ, ಪ್ಲಾಂಟೇಶನ್ ಕೆಫೆಯಲ್ಲಿ 1927ರವರೆಗೆ ನುಡಿಸಿದ. ಒಳ್ಳೆಯ ಬ್ಯಾಂಡೇ. ಆದರೆ ಬರೆದ ಹಾಳೆಗಳ ಮೇಲೆ ನಡೆಯುವ ಕಾಲ ಶುರುವಾಗಿತ್ತು. ಹಿಂದಿನ ಆ ಕಿವಿಯಾಟ ಇಲ್ಲಿ ತೆಳುವಾಗಿದೆ ಎಂದೇ ಅನಿಸುತ್ತದೆ.

ಮುಂದೆ ಆತ ನ್ಯೂಯಾರ್ಕಿಗೆ ಹೋದ. ಅಲ್ಲಿನ ಕಾಟನ್ ಕ್ಲಬ್ ಆತನ ಬ್ಯಾಂಡಿಗೆ ಕೆಲಸ ಕೊಡಲು ಮುಂದೆ ಬಂತು. ಕೊಡುತ್ತೇವೆಂದ ಹಣ ಸಾಲದೆಂದು ಆಲಿವರ್ ಒಲ್ಲೆ ಎಂದ. 1927ರ ಡಿಸೆಂಬರಿನಲ್ಲಿ ಆ ಜಾಗಕ್ಕೆ ಹೋದವನು ಡ್ಯೂಕ್ ಎಲಿಂಗ್ಟನ್ ಎಂಬ ಇಪ್ಪತ್ತೆಂಟರ ತರುಣ. ಕಾಟನ್ ಕ್ಲಬ್ಬಿನಿಂದ ನಡೆದ ರೇಡಿಯೋ ಪ್ರಸಾರಗಳು ಎಲಿಂಗ್ಟನ್‌ನ ಹೆಸರನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದವು. ಆ ಪ್ರಸಾರಗಳಲ್ಲಿ ಕೇಳುಗರನ್ನು ಹಿಡಿದಿಟ್ಟ ನಾದ ಯಾವುದು? ಬಬರ್ ಮೈಲಿ ಎಂಬ ಟ್ರಂಪೆಟ್ ವಾದಕ ರಬ್ಬರ್ ಬಟ್ಟಲು ಹಿಡಿದು ಹೊರಡಿಸುತ್ತಿದ್ದ ಗುರುಗುಟ್ಟುವ, ನರಳುವ ನಾದ. ಮೈಲಿ ಕೆಲವು ವರ್ಷಗಳ ಹಿಂದೆ ಶಿಕಾಗೋಗೆ ಹೋಗಿದ್ದಾಗ ಆಲಿವರನ ಎದುರು ಕೂತು ಕೇಳಿ ಮರುಳಾಗಿ ಆ ದಾರಿ ಹಿಡಿದವನು. ಆಲಿವರ್ ಬೇಡವೆಂದ ವೇದಿಕೆಯಿಂದಲೇ ಆಲಿವರ್ ಕಂಡುಹಿಡಿದ ನಾದ ದೇಶವನ್ನೆಲ್ಲ ತಲುಪಿತು. ಅದಕ್ಕೆ ಆತನ ಹೆಸರಿರಲಿಲ್ಲ. ಬಾನುಲಿಯಲ್ಲಿ ಆತನ ಕತೆ ಹೇಳುವಾಗ ಈ ಘಟ್ಟ ಬಹಳ ನೋಯಿಸುತ್ತದೆ.

ಅಷ್ಟರಲ್ಲಿ ಬಾಯಿಯೇ ಕೈಕೊಟ್ಟಿತ್ತು. ಆಲಿವರನಿಗೆ ಸಿಹಿಯೆಂದರೆ ಪ್ರಾಣ. ಬ್ರೆಡ್ಡಿನ ನಡುವೆ ಸಕ್ಕರೆ ತುಂಬಿಕೊಂಡು ತಿನ್ನುತ್ತಿದ್ದನೆಂದು ಜೊತೆಯವರು ಹೇಳಿದ್ದಾರೆ. ವಸಡಿನ ರೋಗ ಬಲಿತು ಹಲ್ಲುಗಳು ಸಡಿಲವಾದವು. ಹಿತ್ತಾಳೆ ವಾದ್ಯ ನುಡಿಸುವವನಿಗೆ ತುಟಿಯ ಹಿಂದಿನ ಹಲ್ಲೇ ಆಧಾರ. ವಿಕ್ಟರ್ ಕಂಪನಿಗೆ 1930ರವರೆಗೆ ಆತನ ಹೆಸರಿನಲ್ಲಿ ತಟ್ಟೆಗಳು ಬಂದವು; ಅವುಗಳಲ್ಲಿ ಬಹಳಷ್ಟು ಕಡೆ ಟ್ರಂಪೆಟ್ ನುಡಿಸಿದವರು ಬೇರೆಯವರು. ಆರ್ಥಿಕ ಮುಗ್ಗಟ್ಟು ಬಂತು. ಹಳೆಯ ಬಸ್ಸಿನಲ್ಲಿ ಕಿರಿಯ ವಾದಕರನ್ನು ತುಂಬಿಕೊಂಡು ದಕ್ಷಿಣದ ಸಣ್ಣ ಊರುಗಳನ್ನು ಸುತ್ತಿದ. ಬಸ್ಸು ಕೆಟ್ಟಿತು, ಗುತ್ತಿಗೆ ಕುದುರಿಸಿದವರು ಹಣ ಕೊಡಲಿಲ್ಲ, ವಾದಕರು ಒಬ್ಬೊಬ್ಬರಾಗಿ ಬಿಟ್ಟರು. ಮುಂದೆ ಸ್ಯಾಕ್ಸೊಫೋನಿನಲ್ಲಿ ದೊಡ್ಡ ಹೆಸರಾದ ಲೆಸ್ಟರ್ ಯಂಗ್ ಕೂಡ ಆ ಬಸ್ಸಿನಲ್ಲಿ ಕೆಲಕಾಲ ಇದ್ದವನೇ.

ಕೊನೆಗೆ ಆಲಿವರ್ ನಿಂತದ್ದು ಜಾರ್ಜಿಯಾ ರಾಜ್ಯದ ಸವಾನ ಎಂಬ ಊರಿನಲ್ಲಿ. ಮೊದಲು ರಸ್ತೆಬದಿ ತರಕಾರಿ, ಹಣ್ಣು ಮಾರಿದ. ಆಮೇಲೆ ಬಿಲಿಯರ್ಡ್ಸ್ ಆಡುವ ಒಂದು ಕೋಣೆಯಲ್ಲಿ ಗುಡಿಸಿ ಒರೆಸುವ ಕೆಲಸ. 1937ರಲ್ಲಿ ಅದೇ ಊರಿಗೆ ಕಾರ್ಯಕ್ರಮಕ್ಕೆ ಬಂದ ಆರ್ಮ್‌ಸ್ಟ್ರಾಂಗ್ ತನ್ನ ಪಾಪಾ ಜೋನನ್ನು ಕಂಡು ಕರಗಿಹೋದ. ಜೇಬಿನಲ್ಲಿದ್ದ ಹಣವನ್ನು ಕೊಟ್ಟ. ಬ್ಯಾಂಡಿನಲ್ಲಿ ಆಲಿವರನ ಹಳೆಯ ಒಡನಾಡಿಗಳೂ ಇದ್ದರು, ಅವರೂ ಕೊಟ್ಟರು. ಅಂದು ರಾತ್ರಿ ಆಲಿವರ್ ಒಳ್ಳೆಯ ಬಟ್ಟೆ ತೊಟ್ಟು, ನೀಟಾಗಿ ಟೋಪಿ ಇಟ್ಟು, ವೇದಿಕೆಯ ಪಕ್ಕದಲ್ಲಿ ನಿಂತು ಶಿಷ್ಯನ ನುಡಿಸಾಣಿಕೆ ಕೇಳಿದ. ಹಳೆಯ ಜೋ ಮತ್ತೆ ಎದ್ದು ಬಂದಂತಿತ್ತು ಎಂದು ಆರ್ಮ್‌ಸ್ಟ್ರಾಂಗ್ ಹೇಳುತ್ತಿದ್ದ.

ಆ ದಿನಗಳಲ್ಲಿ ಆಲಿವರ್ ನ್ಯೂಯಾರ್ಕಿನಲ್ಲಿದ್ದ ಅಕ್ಕನಿಗೆ ಬರೆದ ಕೆಲವು ಕಾಗದಗಳು ಉಳಿದಿವೆ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದರೆ ಮುಚ್ಚುವುದು ನಡುರಾತ್ರಿಗೆ. ರಕ್ತದೊತ್ತಡ ಏರಿದೆ, ಔಷಧಿಗೆ ಹಣವಿಲ್ಲ. ನ್ಯೂಯಾರ್ಕಿನ ಟಿಕೆಟ್ಟಿಗೆಂದು ಪುಡಿಗಾಸು ಕೂಡಿಡುತ್ತಿದ್ದಾನೆ; ಡಬ್ಬಿಯಲ್ಲಿ ಸೇರಿರುವುದು 1 ಡಾಲರ್ 60 ಸೆಂಟ್. ಆ ಕಾಗದಗಳಲ್ಲಿ ಯಾರ ಮೇಲೂ ದೂರಿಲ್ಲ. ಬದುಕು ತಿರುಗೀತು ಎಂಬ ನಂಬಿಕೆಯನ್ನು ಆತ ಬಿಟ್ಟಿರಲಿಲ್ಲ. 1938ರ ಏಪ್ರಿಲಿನಲ್ಲಿ ಆತ ತೀರಿಕೊಂಡ. ಬಾಡಿಗೆಗೆಂದು ಇಟ್ಟಿದ್ದ ಹಣ ತೆತ್ತು ಅಕ್ಕ ತಮ್ಮನ ದೇಹವನ್ನು ನ್ಯೂಯಾರ್ಕಿಗೆ ತರಿಸಿದಳು. ವುಡ್‌ಲಾನ್ ಸ್ಮಶಾನದಲ್ಲಿ ಮಣ್ಣು ಮಾಡುವಾಗ ಆರ್ಮ್‌ಸ್ಟ್ರಾಂಗ್ ಅಲ್ಲಿದ್ದ. ಗೋರಿಯ ಮೇಲೆ ಕಲ್ಲು ನಿಲ್ಲಿಸುವಷ್ಟು ಹಣ ಆಕೆಯಲ್ಲಿ ಉಳಿದಿರಲಿಲ್ಲ.

ಆಲಿವರನನ್ನು ಕೇಳಬೇಕೆನ್ನುವವರಿಗೆ ಒಂದು ಕ್ರಮ ಹೇಳಬಹುದು. ಆ ತಟ್ಟೆಗಳೆಲ್ಲ ಈಗ ಸುಲಭವಾಗಿ ಸಿಗುತ್ತವೆ. ಮೊದಲು 1923ರ ‘ಡಿಪ್ಪರ್ ಮೌತ್ ಬ್ಲೂಸ್’ ಕೇಳಿ. ಒಂದೇ ಸಲಕ್ಕೆ ಬಿಡದೆ, ಒಮ್ಮೆ ಕ್ಲಾರಿನೆಟ್ಟಿನ ಹಿಂದೆ, ಒಮ್ಮೆ ಟ್ರಾಂಬೋನಿನ ಹಿಂದೆ, ಇನ್ನೊಮ್ಮೆ ಕಾರ್ನೆಟ್ಟುಗಳ ಹಿಂದೆ ಕಿವಿಯನ್ನು ಕಳಿಸಿ. ಆಮೇಲೆ 1925ರಲ್ಲಿ ಫ್ಲೆಚರ್ ಹೆಂಡರ್ಸನ್ ಬ್ಯಾಂಡು ಅದನ್ನೇ ‘ಶುಗರ್ ಫುಟ್ ಸ್ಟಾಂಪ್’ ಎಂಬ ಹೆಸರಿನಲ್ಲಿ ಮುದ್ರಿಸಿದ್ದನ್ನು ಕೇಳಿ. ಗುರುವಿನ ಮೂರು ಸುತ್ತುಗಳನ್ನು ಅಲ್ಲಿ ನುಡಿಸಿರುವವನು ಆರ್ಮ್‌ಸ್ಟ್ರಾಂಗ್; ಹೊಸದನ್ನು ಕಟ್ಟುವ ಶಕ್ತಿ ತುಂಬಿ ತುಳುಕುತ್ತಿದ್ದ ಕಾಲದಲ್ಲಿಯೂ ಗುರುವಿನ ದಾರಿಯನ್ನು ಬಿಟ್ಟು ಹೋಗಿಲ್ಲ. ಕೊನೆಗೆ ‘ವೆಸ್ಟ್ ಎಂಡ್ ಬ್ಲೂಸ್’. ಇದು ಆಲಿವರನ ರಚನೆ. ಆತ ಅದನ್ನು ಮುದ್ರಿಸಿದ್ದು 1928ರ ಜೂನ್ 11ರಂದು. ಆರ್ಮ್‌ಸ್ಟ್ರಾಂಗ್ ಮುದ್ರಿಸಿದ್ದು ಅದೇ ಜೂನ್ 28ರಂದು. ಶಿಷ್ಯನ ತಟ್ಟೆ ಜಾಜ್‌ನ ಮಹಾಕೃತಿಗಳಲ್ಲಿ ಒಂದೆಂದು ಹೆಸರಾಗಿದೆ, ಅದನ್ನು ಕೇಳದವರು ಕಡಿಮೆ. ಗುರುವಿನ ತಟ್ಟೆಯನ್ನು ಮೊದಲು ಕೇಳಿ.